ಎರಡು ಮನೆಯ ಬಿತ್ತನೆ

ಫೋನ್ ಬಂದರೆ ಈಗಲೂ ನಾನು ಸೆರಗು ಸರಿಮಾಡಿಕೊಂಡೇ ಎತ್ತುತ್ತೇನೆ. ಆ ಕಡೆಯವರಿಗೆ ನಾನು ಕಾಣುವುದಿಲ್ಲ ಎಂದು ಗೊತ್ತು. ಆದರೂ ಕೈ ತಾನಾಗಿ ಹೋಗುತ್ತದೆ. ಇಂಥವಳ ಪಾಲಿಗೆ, ನಿಮ್ಮ ತಾತ ತೀರಿಕೊಂಡ ಮೇಲೆ, ಅವರ ಫೋನು ಬಂದು ಸೇರಿತು. ಮಕ್ಕಳೇ, ಆ ಫೋನಿನಲ್ಲಿ ಏನಾಯಿತು ಎಂಬುದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಗುಂಡ್ಲುಪೇಟೆ ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ ಇದು. ತಮಿಳು ಶಾಲೆಗೆ ಹೋದ ನಿಮ್ಮಲ್ಲಿ ಸುಧಾಳಿಗೆ ಮಾತ್ರ ಇದನ್ನು ಓದಲು ಬರುತ್ತದೆ. ಮಹೇಶನಿಗೆ ಅವಳು ಓದಿ ಹೇಳಲಿ. ಪಾಪು ದೊಡ್ಡವನಾದ ಮೇಲೆ ಅವನಿಗೂ ಹೇಳಲಿ. ಅಳದೆ ಓದಬೇಕು, ಅಷ್ಟೇ.

ತಾತನಿಗೆ ಒಂದು ಚಾಳಿ ಇತ್ತು. ಬೆಳಿಗ್ಗೆ ಹೊಲಕ್ಕೆ ಹೋದವರು ಮೊದಲು ಫೋನು ತೆಗೆದು ವಿಡಿಯೊ ಹಿಡಿಯುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಮ್ಮ ಬೆಟ್ಟದೂರು ನಂಜನಾಡಿನ ಹೊಲ ಅದರಲ್ಲಿ ಅರ್ಧ ಕಾಣುತ್ತಿತ್ತು. ಉಳಿದರ್ಧ ಅವರ ಹೆಬ್ಬೆರಳು. ಮುಖ ಒಂದರಲ್ಲೂ ಇಲ್ಲ. ದನಿ ಮಾತ್ರ. "ಇದು ಮೇಲಿನ ಪಟ್ಟೆ, ಕ್ಯಾರೆಟ್ಟು. ಚೆಂದಾಗದೆ. ಇದು ಕೆಳಗಿಂದು. ಹಂದಿ ಬಂದು ಉತ್ತೋಗ್ಯದೆ ನೋಡಿ, ಕೂಲಿ ಕೇಳದೆ!" ಯಾರಿಗೆ 'ನೋಡಿ' ಎನ್ನುತ್ತಿದ್ದರೋ ನನಗೆ ತಿಳಿಯದು.

"ಹೊಲ ಏನು ಓಡೋಯ್ತದಾ, ದಿನಾ ಹಿಡ್ಕೊಂಡು ಬರಕ್ಕೆ?" ಎಂದು ನಾನು ಕೆಣಕಿದರೆ, "ಹೊಲ ಎಲ್ಲೋದದು ಕಣೇ," ಎಂದು ನಗುತ್ತಿದ್ದರು.

ಹೊಲ ಇಲ್ಲೇ ಇದೆ. ಅವರು ಹೋದ ಮೇಲೆ, ಮಧ್ಯಾಹ್ನ ಪಾತ್ರೆ ತೊಳೆದು ಕುಳಿತು ನಾನು ಆ ವಿಡಿಯೊಗಳನ್ನು ಹಾಕಿಕೊಳ್ಳುತ್ತಿದ್ದೆ. ನೋಡಲು ಅಲ್ಲ, ಕೇಳಲು. ಒಮ್ಮೆ ಫೋನು ಯಾವುದೋ ಮದುವೆಯ ಫೋಟೊದಲ್ಲಿ ಅವರ ಮುಖಕ್ಕೆ ದುಂಡಗೆ ಗೆರೆ ಹಾಕಿ, ಇವರ ಹೆಸರೇನು, ಸೇರಿಸಿ ಎಂದಿತು. ಇಷ್ಟು ವರ್ಷ ಬಾಯಲ್ಲಿ ಆಡದ ಹೆಸರನ್ನು ಬೆರಳಲ್ಲಿ ಬರೆಯುವುದು ಹೇಗೆ? ನಾಚಿಕೆಯಾಗಿ ಫೋನನ್ನು ಮಗುಚಿ ಇಟ್ಟೆ. ಆ ಜಾಗ ಇಂದಿಗೂ ಖಾಲಿಯೇ.

ಫೋನು ಕೆಟ್ಟರೆ ಈ ದನಿಯೂ ಹೋದೀತೆಂಬ ಭಯವನ್ನು ಒಂದು ದಿನ ಸುಧಾಳಿಗೆ ಹೇಳಿಕೊಂಡೆ. ಕೊಯಮತ್ತೂರಿನ ನರ್ಸಿಂಗ್ ಹಾಸ್ಟೆಲಿನಿಂದ ಅವಳು, "ಅಜ್ಜೀ, ಎಲ್ಲಾ ಕ್ಲೌಡಲ್ಲಿ ಇರುತ್ತೆ. ಫೋನು ಡ್ಯಾಮಿಗೆ ಬಿದ್ರೂ ಭಯ ಇಲ್ಲ," ಎಂದಳು. ನಮ್ಮೂರಿನ ಮೋಡ ಅಡಿಗೆಮನೆಗೇ ನುಗ್ಗಿ, ಒಣಗಿದ ಬಟ್ಟೆಯನ್ನು ಮತ್ತೆ ಒದ್ದೆ ಮಾಡಿ ಹೋಗುವಂಥದ್ದು. ಅದರ ಕೈಗೆ ನಾನು ಏನನ್ನೂ ಕೊಡಲಾರೆ. ಹಾಗೆಂದಾಗ ಅವಳು ನಕ್ಕು ಬಿಡಿಸಿ ಹೇಳಿದಳು. ಅದು ಆಕಾಶದಲ್ಲಿಲ್ಲವಂತೆ. ಎಲ್ಲೋ ನೆಲದ ಮೇಲೆ ದೊಡ್ಡ ದೊಡ್ಡ ಕಟ್ಟಡ, ಒಳಗೆ ಸಾಲು ಸಾಲು ಕಪಾಟು, ಕಪಾಟಿನ ತುಂಬ ಯಂತ್ರ. ಜಗತ್ತಿನವರೆಲ್ಲರ ಫೋಟೊ, ಲೆಕ್ಕಪತ್ರ, ಹಾಡು, ಜಗಳ ಎಲ್ಲವೂ ಹಗಲೂ ರಾತ್ರಿ ಅಲ್ಲಿಗೆ ಬಂದು ಬೀಳುತ್ತದೆ. ಎಷ್ಟು ಕಟ್ಟಿದರೂ ಸಾಲದೆ ಇನ್ನೂ ಕಟ್ಟುತ್ತಲೇ ಇದ್ದಾರೆ. ಯಂತ್ರ ಕಾಯದಂತೆ ಸದಾ ತಂಪು ಗಾಳಿ ಬಿಡಬೇಕು, ಕರೆಂಟು ಒಂದು ಗಳಿಗೆಯೂ ಹೋಗಬಾರದು. ನಮ್ಮ ಕುಂದಾ ಡ್ಯಾಮಿನ ನೀರು ಕರೆಂಟಾಗಿ ಬಯಲು ಸೀಮೆಗೆ ಇಳಿದು ಹೋಗುತ್ತದಲ್ಲ, ಅದರಲ್ಲಿ ಒಂದು ಎಳೆ ತಾತನ ಹೆಬ್ಬೆರಳನ್ನು ತಂಪಾಗಿ ಇಟ್ಟಿರಬಹುದು ಎಂದುಕೊಂಡೆ. ಸಮಾಧಾನವಾಯಿತು.

"ಸಾಲು ಸಾಲು ಕಪಾಟು, ತಂಪು... ಹಂಗಂದ್ರೆ ಬಿತ್ತನೆ ಕೋಣೆ ಅನ್ನು!" ಎಂದೆ.

"ಹ್ಞೂಂ ಅಜ್ಜೀ, ಹಾಗೇ ಇಟ್ಕೋ," ಎಂದಳು.

ಹಾಗೇ ಇಟ್ಟುಕೊಂಡದ್ದೇ ತಪ್ಪಾಯಿತು. ಬಿತ್ತನೆ ಕೋಣೆ ನೀವು ಕಂಡದ್ದೇ. ದಪ್ಪ ಆಲೂಗಡ್ಡೆ ಮಂಡಿಗೆ ಹೋಗುತ್ತದೆ. ಕೋಳಿಮೊಟ್ಟೆಯಷ್ಟು ಗಾತ್ರದವು ಬಿತ್ತನೆಗೆಂದು ಅಟ್ಟಣಿಗೆಯ ಮೇಲೆ ಕೂರುತ್ತವೆ. ಆದರೆ ತಾತ ಎಲ್ಲವನ್ನೂ ನಮ್ಮಲ್ಲೇ ಇಡುತ್ತಿರಲಿಲ್ಲ. ಅರ್ಧ ನಮ್ಮ ಮನೆಯಲ್ಲಿ, ಅರ್ಧ ಕೆಳಗಿನ ಹಟ್ಟಿಯ ಭೋಜಣ್ಣನ ಮನೆಯಲ್ಲಿ. ಅವನದೂ ಅರ್ಧ ನಮ್ಮಲ್ಲಿ. ಒಂದು ಕೋಣೆಗೆ ಕೊಳೆ ಹತ್ತಿದರೆ ಇನ್ನೊಂದು ಉಳಿಯುತ್ತದೆ. ನಮ್ಮ ಮನೆಯದನ್ನು ನಾವು ಮಾರಿದರೂ ಬೇಯಿಸಿದರೂ ಅಲ್ಲಿಟ್ಟದ್ದು ಅಲ್ಲೇ ಇರುತ್ತದೆ. ಹೋಗಿ ಬಾಗಿಲಲ್ಲಿ ನಿಂತು 'ಬಿತ್ತನೆ' ಎಂದರೆ ಸಾಕು, ಏನಾಯಿತು ಎಂದು ಕೇಳದೆ ತಂದು ಕೊಡುವುದು ನಡೆದು ಬಂದ ರೀತಿ. ಕೊಳೆಸಿಕೊಂಡವನು ಮೊದಲೇ ನೊಂದಿರುತ್ತಾನೆ, ಅವನಿಂದ ಕತೆ ಯಾಕೆ ಹೇಳಿಸಬೇಕು?

ಮೇಟುಪಾಳಯದಲ್ಲಿ ನಿಮ್ಮ ಚಿಕ್ಕಮ್ಮನಿಗೆ ಪಾಪು ಹುಟ್ಟಿದಾಗ ಅವಳು ವಿಡಿಯೊ ಕಳಿಸಿದಳು. ನನ್ನ ಫೋನು ಜಾಗವಿಲ್ಲ ಎಂದು ಅದನ್ನು ಒಳಗೆ ಬಿಡಲಿಲ್ಲ. ಹುಟ್ಟಿದ ಕೂಸನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ? ಆ ಕ್ಲೌಡಿನ ಕೋಣೆಯಲ್ಲಿ ಒಂದು ಪಾಲು ಇದ್ದೇ ಇದೆಯಲ್ಲ ಎಂಬ ಧೈರ್ಯದಿಂದ ಕೂತು ಇಲ್ಲಿಯ ಪಾಲನ್ನು ತೆಗೆದೆ. ತಾತನ ವಿಡಿಯೊ, ಅವರು ಅವರಿವರಿಗೆ ಕಳಿಸಿದ ವಾಯ್ಸ್ ಮೆಸೇಜು, ಎಲ್ಲವನ್ನೂ. ಫೋನು 'ಖಚಿತವೇ?' ಎಂದು ಕೇಳಿತು, ಸುಳ್ಳು ಹೇಳಬಾರದು. ಆದರೆ ಅದು ಎಲ್ಲದಕ್ಕೂ ಹಾಗೇ ಕೇಳುತ್ತದೆ. ಒತ್ತಿದೆ. ಪಾಪು ಒಳಗೆ ಬಂದ, ಕಣ್ಣು ಮುಚ್ಚಿಕೊಂಡೇ ಆಕಳಿಸಿದ. ಅಂದು ನನಗೆ ಎಷ್ಟು ಹಿಗ್ಗು!

ದೀಪಾವಳಿ ರಜೆಗೆ ಸುಧಾ ಬಂದಳು. ಅಲ್ಲಿರುವ ತಾತನ ಪಾಲನ್ನು ಸ್ವಲ್ಪ ತರಿಸಿಕೊಡು ಎಂದೆ. ಅವಳು ಫೋನು ಹಿಡಿದು ಹುಡುಕಿದಳು, ಮತ್ತೆ ಹುಡುಕಿದಳು. ಅವಳ ಮುಖ ಸಣ್ಣದಾಯಿತು.

"ಅಜ್ಜೀ, ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸಿ ಹೋಗುತ್ತೆ."

"ಅದೆಂಗವ್ವಾ? ನಮ್ಮನೇಲಿ ಬೇಯಿಸ್ಕೊಂಡು ತಿಂದ್ರೆ ಭೋಜಣ್ಣನ ಮನೇದೂ ಖಾಲಿಯಾಯ್ತದಾ?"

ಆಯ್ತದಂತೆ. ಎರಡೂ ಕಡೆ ಒಂದೇ ಥರ ಇರಬೇಕು ಎಂಬುದೇ ಅದರ ನೇಮವಂತೆ. ಅಳಿಸಿದ್ದನ್ನು ಕೆಲವು ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತದಂತೆ. ಆ ದಿನಗಳು ಯಾವತ್ತೋ ಕಳೆದಿದ್ದವು. ವಾಯ್ಸ್ ಮೆಸೇಜುಗಳೂ ಸಿಗಲಿಲ್ಲ. "ನಾನು ಸರಿಯಾಗಿ ಹೇಳ್ಕೊಡಬೇಕಾಗಿತ್ತು," ಎಂದು ಸುಧಾ ಅತ್ತಳು. ನಾನು ಅವಳ ಬೆನ್ನು ಸವರುತ್ತ ಕುಳಿತೆ. ಒಬ್ಬರು ಅಳುವಾಗ ಇನ್ನೊಬ್ಬರಿಗೆ ಅಳಲು ಬಿಡುವಿರುವುದಿಲ್ಲ.

ಆ ಯಂತ್ರದ ಮೇಲೆ ನನಗೆ ಕೋಪ ಬರಲಿಲ್ಲ. ಅದು ಹೇಳಿದಂತೆ ಕೇಳಿತು. ಆದರೆ ಯೋಚಿಸಿ ನೋಡಿ: ಯಾರು ಯಾರೋ ತಿಂದ ದೋಸೆಯ ಫೋಟೊಗಳನ್ನೆಲ್ಲ ತಂಪಾಗಿ ಕಾಯುವಷ್ಟು ದೊಡ್ಡ ಮನೆ ಅದು. ಅಲ್ಲಿ ಒಂದು ಹೆಬ್ಬೆರಳಿಗೆ ಜಾಗ ಇತ್ತು, ಕಾಯುವವರೂ ಇದ್ದರು. ಬೇಡ ಎಂದು ಹೇಳಿ ಕಳಿಸಿದವಳು ನಾನೇ. ತಾತ ಎರಡನೇ ಸಲ ಮನೆಯಿಂದ ಹೋದಂತಾಯಿತು. ಈ ಸಲ ಬಾಗಿಲು ತೆಗೆದುಕೊಟ್ಟವಳೂ ನಾನೇ.

ಮಾರನೆಯ ದಿನ ಸುಧಾಳನ್ನು ಕರೆದುಕೊಂಡು ಕೆಳಗಿನ ಹಟ್ಟಿಗೆ ಇಳಿದೆ. ಭೋಜಣ್ಣ ಅಂಗಳದಲ್ಲಿ ಕ್ಯಾರೆಟ್ ಮೂಟೆ ಹೊಲಿಯುತ್ತಿದ್ದ. ಗಂಡನ ದನಿ ಕೇಳಲು ಬಂದೆ ಎಂದು ಹೇಗೆ ಹೇಳುವುದು? ಬಾಯಿಗೆ ಬಂದದ್ದು ರೂಢಿಯ ಮಾತು: "ಬಿತ್ತನೆ ಬೇಕಾಗಿತ್ತು ಭೋಜಣ್ಣ."

"ಈ ಕಾಲದಲ್ಲಾ ಅಕ್ಕಾ?" ಎಂದವನು ನನ್ನ ಮುಖ ನೋಡಿ ದಬ್ಬಳ ಕೆಳಗಿಟ್ಟ. ಸುಧಾ ವಿಷಯ ಹೇಳಿ, ತಾತ ಅವನಿಗೆ ಕಳಿಸಿದ ವಾಯ್ಸ್ ಮೆಸೇಜು ಏನಾದರೂ ಉಳಿದಿದೆಯೇ ಎಂದಳು. ಅವನು ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಫೋನು ತಂದು ಬಹಳ ಹೊತ್ತು ಮೇಲೆ ಕೆಳಗೆ ಸರಿಸಿದ. "ಹಳೇ ಫೋನ್ ಮಾರಿದಾಗ ತುಂಬಾ ಹೋಯ್ತು ಅಕ್ಕಾ. ಅಣ್ಣನ್ದು ಒಂದೇ ಒಂದು ಇದೆ."

ಒತ್ತಿದ. ತಾತನ ದನಿ ಅಂಗಳಕ್ಕೆ ಬಂತು. "ಭೋಜಣ್ಣಾ, ಆಕಾಶ ತಿಳಿಯಾಗ್ಯದೆ, ಇವತ್ತು ರಾತ್ರಿ ಪನಿ ಮಂಜು ಬಿದ್ದು ಗಿಡ ಸುಟ್ಟೋದಾತು. ಬೆಳಿಗ್ಗೆ ಬಿಸಿಲು ಬೀಳಕ್ ಮುಂಚೆ ನೀರು ಹೊಡ್ದುಬುಡು." ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ, ಯಾವ ನಾಚಿಕೆಯೂ ಇಲ್ಲದೆ ಜೋರಾಗಿ: "ಅನ್ನ ಆರೋಯ್ತದೆ, ಬನ್ನಿ ಅಂದ್ರೆ!" ತಾತ ಅತ್ತ ತಿರುಗಿ, "ಬಂದೆ ಕಣೇ, ಬಂದೆ," ಎನ್ನುತ್ತಾರೆ. ಅಷ್ಟಕ್ಕೆ ನಿಲ್ಲುತ್ತದೆ.

ಅದು ಯಾವ ದಿನವೋ ನೆನಪಿಲ್ಲ. ಬಂದು ಊಟ ಮಾಡಿರುತ್ತಾರೆ. ಆರಿದ ಅನ್ನಕ್ಕೆ ನಾನು ಗೊಣಗಿರುತ್ತೇನೆ.

ಅದನ್ನು ಸುಧಾ ನಿಮಗೆಲ್ಲ ಕಳಿಸಿದ್ದಾಳೆ. ಪಾಪುವಿನ ಪಾಲು ಅವನ ಅಮ್ಮನ ಫೋನಿನಲ್ಲಿದೆ. ದಿನಾ ಕೇಳಬೇಕೆಂದಿಲ್ಲ, ಬಿತ್ತನೆಯನ್ನು ಯಾರೂ ದಿನಾ ತೆಗೆದು ನೋಡುವುದಿಲ್ಲ. ಬೇರೆ ಬೇರೆ ಮನೆಯಲ್ಲಿ, ಒಂದರ ಕೊಳೆ ಇನ್ನೊಂದಕ್ಕೆ ತಾಗದ ಹಾಗೆ ಇಟ್ಟುಕೊಂಡಿರಿ. ಮುಂದೆ ಎಂದಾದರೂ ನಾನು ಮತ್ತೆ ಏನನ್ನೋ ಒತ್ತಿ, ಸೆರಗು ಸರಿಮಾಡಿಕೊಳ್ಳುತ್ತ ನಿಮ್ಮ ಬಾಗಿಲಿಗೆ ಬಂದು ನಿಂತರೆ, ಏನಾಯಿತಜ್ಜೀ ಎಂದು ಕೇಳಬೇಡಿ. ತಂದು ಕೊಡಿ.