ಬೀಗ ಬಿದ್ದ ಅರವತ್ತೆರಡು ನಮೂನೆ

ಮೊಳಕಾಲ್ಮೂರಿನಲ್ಲಿ ಸೀರೆಗೆ ನಮೂನೆ ಬರೆಯಬೇಕೆಂದರೆ ಮುರುಗೇಂದ್ರಪ್ಪನವರೇ ಎಂದು ಮಗ್ಗದವರೆಲ್ಲ ಹೇಳುತ್ತಿದ್ದರು. ಒಂದು ಚೌಕಕ್ಕೆ ಒಂದು ಎಳೆಯೆಂದು ಹಿಡಿದು, ತೆಲುಗಿನಲ್ಲಿ ಎಣಿಸುತ್ತ, ಗ್ರಾಫ್ ಹಾಳೆಯ ಮೇಲೆ ಬುಟ್ಟಾ, ಅಂಚು, ಸೆರಗುಗಳನ್ನು ತುಂಬುವುದು ಅವರ ನಲವತ್ತು ವರ್ಷದ ಕೆಲಸ. ಅವರ ತಮ್ಮನ ಮಗಳು ಚಿತ್ರಾ ಚಳ್ಳಕೆರೆಯಲ್ಲಿ ಕಂಪ್ಯೂಟರ್ ಕಲಿತು ಬಂದು 2003ರಲ್ಲಿ ಡಿಸೈನ್ ಅಂಗಡಿ ತೆರೆದಾಗ ಎಲ್ಲರಿಗಿಂತ ಹಿಗ್ಗಿದವರೂ ಅವರೇ. ಎರಡು ವರ್ಷ ಕೂತು ಅವಳು ದೊಡ್ಡಪ್ಪನ ಅರವತ್ತೆರಡು ನಮೂನೆಗಳನ್ನು ಕಂಪ್ಯೂಟರಿಗೆ ಏರಿಸಿದಳು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಅವಳು ಚಹಾ ತರಲು ಹೋದಾಗ ವ್ಯಾಪಾರಿಯೊಬ್ಬ ಒಂದು ಬುಟ್ಟಾವನ್ನು ಫ್ಲಾಪಿಗೆ ಇಳಿಸಿಕೊಂಡು ಹೋಗಿದ್ದ. ಕೆಲವೇ ತಿಂಗಳಲ್ಲಿ ಅದು ಪವರ್‌ಲೂಮ್ ಸೀರೆಯ ಮೇಲೆ ಮಾರಾಟಕ್ಕೆ ಬಂತು. ದೊಡ್ಡಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಚಿತ್ರಾ ಪುಸ್ತಕ ನೋಡಿಕೊಂಡು, ಬೇರೆ ಯಾರಿಗೂ ಓದಲಾಗದಂತೆ ಫೈಲುಗಳಿಗೆಲ್ಲ ಬೀಗ ಹಾಕಿದಳು.

“ಇದರ ಬೀಗದ ಕೈ ಎಲ್ಲೈತವ್ವ?” ಎಂದು ಕೇಳಿದರು ಮುರುಗೇಂದ್ರಪ್ಪ.

“ಕೈ ಬೇಕಾಗಿಲ್ಲ ದೊಡ್ಡಪ್ಪ. ನನ್ನ ಹೆಸರಿನಾಗೆ ಕಂಪ್ಯೂಟರ್ ತೆಗೆದ್ರೆ ತಾನೇ ಬಿಚ್ಕಂತೈತೆ. ಆ ಇಲಿ ಕಡಿದ ಹಾಳೆಗಳನ್ನ ಇನ್ಯಾಕೆ ಇಟ್ಕಂಡಿದೀಯ?”

ಆ ಮಾತು ನಂಬಿ ಅವರು ಹಾಳೆಗಳ ಕಟ್ಟನ್ನು ನೀರೊಲೆಗೆ ಹಾಕಿದರು.

ಮರುವರ್ಷ ಯುಗಾದಿ ಕಳೆದ ಮೇಲೆ ಕಂಪ್ಯೂಟರಿಗೆ ವೈರಸ್ ಹತ್ತಿತು. ಚಿತ್ರಾ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ಒಯ್ದಳು. ರಿಪೇರಿ ಅಂಗಡಿಯ ಬಾಲರಾಜ್ ಅವಳ ಜೊತೆಗೇ ಕಲಿತವನು. “ಬೇಕಾದ್ದೆಲ್ಲ ಡಿ ಡ್ರೈವ್‌ನಾಗೈತಾ?” ಎಂದ. ಹೂಂ ಎಂದಳು. ಅವನು ಸಿ ಡ್ರೈವ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ. ಊರಿಗೆ ಬಂದು ನೋಡಿದರೆ ಅರವತ್ತೆರಡು ಹೆಸರುಗಳೂ ಬೀಗದ ಗುರುತಾದ ಹಸಿರು ಅಕ್ಷರದಲ್ಲಿ ಸಾಲಾಗಿದ್ದವು. ಒಂದೂ ತೆರೆಯಲಿಲ್ಲ.

ಮರುದಿನ ಮತ್ತೆ ಚಳ್ಳಕೆರೆಗೆ ಒಯ್ದಾಗ ಬಾಲರಾಜ್ ತಲೆಯ ಮೇಲೆ ಕೈಯಿಟ್ಟುಕೊಂಡ. “ಬೀಗ ಹಾಕೀನಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಅದರ ಕೀಲಿ ಹಳೇ ವಿಂಡೋಸ್‌ನಾಗಿತ್ತು. ನಾನೇ ಅಳಿಸ್ಬಿಟ್ಟೆ.”

“ಹುಡುಕಿದ್ರೆ ಸಿಗಲ್ವಾ?”

“ಡಿಸ್ಕ್ ಇಲ್ಲೇ ಬಿಟ್ಟು ಹೋಗು. ನೋಡ್ತೀನಿ.”

ನಾಲ್ಕು ತಿಂಗಳು ಅವನು ಬಿಡುವಾದಾಗಲೆಲ್ಲ ಅಳಿಸಿದ ಜಾಗವನ್ನು ಕೆದಕಿದ. ಕೀಲಿಯ ಒಂದು ತುಂಡು ಸಿಕ್ಕಿತು. ಅದನ್ನು ಬಿಚ್ಚಲು ಬೇಕಾದ ಇನ್ನೊಂದು ತುಂಡಿನ ಮೇಲೆ ಹೊಸ ವಿಂಡೋಸ್ ಆಗಲೇ ಕೂತುಬಿಟ್ಟಿತ್ತು. ಚಿತ್ರಾ ಪ್ರತಿ ಸೋಮವಾರ ಹೋಗಿ ಬರುತ್ತಿದ್ದಳು. ದೊಡ್ಡಪ್ಪನಿಗೆ ಮಾತ್ರ ಹೇಳಲಿಲ್ಲ. ಅವರು ಅಂಗಡಿಗೆ ಬಂದು, “ರುದ್ರಾಕ್ಷಿ ಅಂಚು ಒಂದ್ಸಲ ತೋರ್ಸವ್ವ” ಎಂದರೆ, ರಿಪೇರಿಗೆ ಕೊಟ್ಟೀನಿ ಅನ್ನುವಳು. ಸಿಕ್ಕೇ ಸಿಗುತ್ತದೆ, ಆಮೇಲೆ ಹೇಳಿದರಾಯಿತು, ಸುಮ್ಮನೆ ಯಾಕೆ ನೋಯಿಸುವುದು ಅಂದುಕೊಂಡಿದ್ದಳು.

ಶ್ರಾವಣದಲ್ಲಿ ಮುರುಗೇಂದ್ರಪ್ಪನವರಿಗೆ ಲಕ್ವ ಹೊಡೆಯಿತು. ಬಲಗೈಯೂ ಮಾತೂ ಹೋದವು. ಅದೇ ವಾರ ಬಾಲರಾಜ್ ಕೈಚೆಲ್ಲಿದ.

ಚಿತ್ರಾ ದೊಡ್ಡವ್ವ ಸೂರಮ್ಮನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಸೂರಮ್ಮ ಬೈಯಲಿಲ್ಲ. “ಹೋದ ತಿಂಗಳು ಹೇಳಿದ್ರೂ ಬಾಯಾಗೇ ಎಳೆ ಎಣಿಸಿ ಎಲ್ಲಾನೂ ಬರೆಸ್ತಿದ್ರಲ್ಲೇ” ಎಂದರು.

ಅದು ಚಿತ್ರಾಳಿಗೆ ಹೊಳೆದೇ ಇರಲಿಲ್ಲ. ಕಳೆದ ಫೈಲುಗಳ ಬೆನ್ನು ಹತ್ತಿದ್ದ ಅವಳು, ಅವನ್ನೆಲ್ಲ ಬರೆದವರೇ ದಿನಾ ಎದುರಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದುದನ್ನು ಮರೆತಿದ್ದಳು.

ನಡೆದದ್ದನ್ನು ಕೇಳಿದ ದಿನ ಮುರುಗೇಂದ್ರಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಚಿತ್ರಾ ಅವರ ನಮೂನೆಯಲ್ಲಿ ನೇಯ್ದ ಹಳೆಯ ಸೀರೆಗಳನ್ನು ಹುಡುಕಿಕೊಂಡು ತಳಕು ಊರಿನವರೆಗೂ ಮನೆಮನೆ ತಿರುಗಿದಳು. ಭೂತಗನ್ನಡಿ ಹಿಡಿದು ಎಳೆ ಎಣಿಸಿ ಮೊದಲ ಹಾಳೆ ಬರೆದು ಒಯ್ದಾಗ ಅವರು ಅದನ್ನೇ ನೋಡಿದರು. ಎಡಗೈ ಬೆರಳು ನಿಧಾನವಾಗಿ ಸರಿದು, ತಪ್ಪಿದ್ದ ಚೌಕದ ಮೇಲೆ ನಿಂತಿತು. ಹೀಗೆ ಹದಿನಾಲ್ಕು ನಮೂನೆ ಮರಳಿದವು. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಡಿಸ್ಕ್ ಅಳಿಸಿದ್ದು ತನ್ನ ತಪ್ಪು ಎಂದು ಬಾಲರಾಜ್ ಸಿಕ್ಕಾಗಲೆಲ್ಲ ಹೇಳುತ್ತಾನೆ. ಚಿತ್ರಾ ಒಪ್ಪುವುದಿಲ್ಲ.

“ನೀನು ಅಳಿಸಿದ್ದು ಒಂದು ದಿನ. ನಾನು ನಾಲ್ಕು ತಿಂಗಳು ಸುಳ್ಳು ಹೇಳ್ದೆ” ಎನ್ನುತ್ತಾಳೆ.