ಇಪ್ಪತ್ತು ಅಡಿ ದೂರದ ಪಿಸುಮಾತು

ಕಳೆದ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ದೊಡ್ಡಬಳ್ಳಾಪುರದ ಒಂದು ಕಿವಿ ಪರೀಕ್ಷೆಯ ಕೋಣೆಯಲ್ಲಿ, ಅಮ್ಮನ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಪರೀಕ್ಷೆ ಮಾಡುವ ಹುಡುಗಿ ಮೊದಲು ಅಮ್ಮನ ಹೆಸರು, ವಯಸ್ಸು ಕೇಳಿದಳು. ಅಮ್ಮ ತಡವರಿಸದೆ ಹೇಳಿದಳು. ಆಮೇಲೆ ಆ ಹುಡುಗಿ ಮೇಜಿನ ಮೇಲಿದ್ದ ಬಿಳಿ ರಟ್ಟೊಂದನ್ನು ಬಾಯಿಗೆ ಅಡ್ಡ ಹಿಡಿದು, ಅದೇ ದನಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದಳು. ಪ್ರಶ್ನೆ ಕೇಳಿದ್ದೇ ಗೊತ್ತಿಲ್ಲದವಳಂತೆ ಅಮ್ಮ ಆ ರಟ್ಟನ್ನೇ ನೋಡುತ್ತಿದ್ದಳು.

ಅಂಗೈಯಷ್ಟು ಅಗಲದ ರಟ್ಟು. ಏಳು ವರ್ಷದ ಹಿಂದೆ ಅದನ್ನು ಯಾರಾದರೂ ನನ್ನ ಬಾಯಿಗೆ ಅಡ್ಡ ಹಿಡಿದಿದ್ದರೆ...

ನನಗೊಬ್ಬ ಗೆಳೆಯನಿದ್ದ, ನಮ್ಮ ಎದುರುಮನೆಯವನು, ನನ್ನ ತರಗತಿಯವನು. ಅವರ ನಡುಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ನನ್ನಮ್ಮ ಇಪ್ಪತ್ತು ವರ್ಷ ಅಲ್ಲೇ ಕೂತು ಕಂಡಿಕೆಗೆ ನೂಲು ಸುತ್ತಿದವಳು. ನಾಲ್ಕೂ ಮಗ್ಗ ಓಡುವಾಗ ಅಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. ಯಾರೂ ಕೂಗುತ್ತಲೂ ಇರಲಿಲ್ಲ. ಬರೀ ತುಟಿ ಆಡಿಸುತ್ತಿದ್ದರು. ಊಟ ಆಯ್ತಾ, ಎಳೆ ಕಡಿದಿದೆ ನೋಡು, ಸಾಸಲಿಂದ ಅತ್ತೆ ಬಂದವ್ರೆ — ಎಲ್ಲವೂ ಸದ್ದಿಲ್ಲದ ಮಾತು. ಅವನ ತೊಟ್ಟಿಲು ಕಟ್ಟಿದ್ದು ಆ ಮಗ್ಗಗಳ ಪಕ್ಕದಲ್ಲೇ. ಅಮ್ಮನ ಜೊತೆ ಹೋಗಿ ಕೂತು ನಾನೂ ಆ ಮಾತು ಕಲಿತಿದ್ದೆ. ಆದರೆ ನಾನು ಮಲಗುತ್ತಿದ್ದುದು ನಮ್ಮ ಮನೆಯಲ್ಲಿ.

ಎರಡನೇ ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾವಿಬ್ಬರೂ ಸಿಇಟಿ ಬರೆದೆವು. ಅವನು ಇನ್ನೊಂದು ಅರ್ಜಿಯನ್ನೂ ಹಾಕಿದ. ಪಿಯುಸಿ ಅಂಕಗಳ ಮೇಲೆ ಹುಡುಗರನ್ನು ಆರಿಸಿ, ಸೇನೆಯೇ ತನ್ನ ಖರ್ಚಿನಲ್ಲಿ ಇಂಜಿನಿಯರಿಂಗ್ ಓದಿಸಿ, ಕೊನೆಗೆ ಅಧಿಕಾರಿಯಾಗಿ ಸೇರಿಸಿಕೊಳ್ಳುವ ಯೋಜನೆ ಅದು. ಗಣಿತದಲ್ಲಿ ಅವನಿಗೆ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ಸೇನೆಯಿಂದ ನಿವೃತ್ತರಾಗಿ ಬಂದಿದ್ದ ನಮ್ಮ ಡ್ರಿಲ್ ಮೇಷ್ಟ್ರಿಗೆ ವಿಷಯ ತಿಳಿದು, ಅವನನ್ನು ಮೇಲಿಂದ ಕೆಳಗೆ ನೋಡಿದ್ದರು.

"ಗಾಳಿ ಬಂದ್ರೆ ಹಾರೋಗ್ತೀಯಲ್ಲೋ! ಮೊದ್ಲು ದಿನಾ ಇನ್ನೆರಡು ಮುದ್ದೆ ಹೊಡಿ. ಭಾನುವಾರ ಗ್ರೌಂಡಿಗೆ ಬಾ, ಮೆಡಿಕಲ್ ಟೆಸ್ಟಲ್ಲಿ ಏನೇನ್ ನೋಡ್ತಾರೋ ಎಲ್ಲಾ ನೋಡ್ಬಿಡ್ತೀನಿ."

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಕಾಲೇಜು ಮೈದಾನದ ಪೂರ್ವದ ತುದಿಯಲ್ಲಿ, ವಾಲಿಬಾಲ್ ಕಂಬದ ಬಳಿ, ಅಳತೆ ಟೇಪಿನ ತುದಿ ಹಿಡಿದು ನಿಂತಿದ್ದೆ. ಅವನು ನನಗೆ ಎದುರಾಗಿ, ಒಂದು ತೋಳಿನಷ್ಟು ದೂರದಲ್ಲಿದ್ದ. ಮೇಷ್ಟ್ರು ಅವನ ಬೆನ್ನ ಹಿಂದೆ, ಇಪ್ಪತ್ತು ಅಡಿ ಆಚೆಗೆ. ಅವನ ತಂಗಿ ತಿಂಡಿಯ ಡಬ್ಬಿ ತಂದು, ನಮ್ಮ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಆಗ ಅವಳು ಒಂಬತ್ತನೇ ತರಗತಿ.

"ಒಂದು ಕಿವಿ ಮುಚ್ಕೋ. ನಾನ್ ಪಿಸುಗುಟ್ಟಿದ್ದನ್ನ ಹಂಗೇ ಹೇಳ್ಬೇಕು," ಎಂದರು ಮೇಷ್ಟ್ರು.

"ನಲವತ್ತೇಳು" ಎಂದು ಪಿಸುಗುಟ್ಟಿದರು. ನನಗೆ ಕೇಳಿಸಿತು. ಅವನ ಮುಖದಲ್ಲಿ ಏನೂ ಆಗಲಿಲ್ಲ. ಮೇಷ್ಟ್ರು ಮತ್ತೆ ಪಿಸುಗುಟ್ಟಿದರು. ಅವನ ಕಣ್ಣು ನನ್ನ ಬಾಯಿಯ ಮೇಲೆ ಬಂದು ನಿಂತಿತು, ಮಗ್ಗದ ಮನೆಯಲ್ಲಿ ನಿಲ್ಲುವ ಹಾಗೆ. ಮೇಷ್ಟ್ರಿಗೆ ಕಾಣದಂತೆ, ಅವನ ತಲೆಯ ಮರೆಯಲ್ಲಿ ನನ್ನ ತುಟಿ ಆಡಿತು.

"ನಲವತ್ತೇಳು!" ಎಂದ.

ಇದನ್ನು ನಾನು ನಿರ್ಧರಿಸಿ ಮಾಡಿದೆನೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲನೆಯದು ಅಭ್ಯಾಸ, ಆ ಮನೆಯಲ್ಲಿ ಯಾರಿಗಾದರೂ ಮಾತು ತಲುಪದಿದ್ದರೆ ಎದುರಿದ್ದವರು ದಾಟಿಸುತ್ತಿದ್ದರು. ಆದರೆ ಆಮೇಲೆ ಇನ್ನೂ ನಾಲ್ಕು ಪದಗಳಿದ್ದವು. ಆ ನಾಲ್ಕೂ ನಿರ್ಧಾರಗಳೇ.

"ಶಭಾಷ್! ಕಾವಲು ನಾಯಿ ಕಿವಿ ಕಣ್ಲಾ ನಿಂದು!" ಎಂದು ಮೇಷ್ಟ್ರು ಅವನ ಬೆನ್ನಿಗೊಂದು ಗುದ್ದಿದರು.

ಮನೆಗೆ ನಡೆಯುವಾಗ ಅವನು, "ಅಷ್ಟು ಗಾಳಿ ಇತ್ತಲ್ಲ ಗುರು, ಆದ್ರೂ ಎಷ್ಟು ಚೆನ್ನಾಗ್ ಕೇಳ್ತು ನೋಡು," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಿವಿಯಿಂದ ಬಂದದ್ದು ಯಾವುದು, ಕಣ್ಣಿಂದ ಬಂದದ್ದು ಯಾವುದು ಎಂಬ ಭೇದವೇ ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನಾನು "ಹೂಂ" ಎಂದೆ.

ಜುಲೈನಲ್ಲಿ ಸಿಇಟಿ ಸೀಟು ಬಂತು, ಇಬ್ಬರಿಗೂ. ಅವನಿಗೆ ನನಗಿಂತ ಒಳ್ಳೆಯ ಕಾಲೇಜು. ಅದೇ ವಾರ ಸೇನೆಯ ಸಂದರ್ಶನಕ್ಕೂ ಕರೆ ಬಂತು. ಅವನು ನಮ್ಮ ಜಗಲಿಯ ಮೇಲೆ ಕೂತು ಕೇಳಿದ: "ಒರಿಜಿನಲ್ ಮಾರ್ಕ್ಸ್ ಕಾರ್ಡು ಕಾಲೇಜಿಗೆ ಕೊಟ್ಬಿಟ್ರೆ ಬೇಕಾದಾಗ ವಾಪಸ್ ಸಿಗಲ್ಲ ಅಂತಾರೆ. ಸಂದರ್ಶನಕ್ಕೆ ಏನ್ ತಗೊಂಡೋಗ್ಲಿ? ಸೀಟು ಬಿಟ್ಬಿಡ್ಲೇನೋ?"

ಹೇಳಬೇಕಾಗಿದ್ದ ಹೊತ್ತು ಅದು. ನಾನು ಹೇಳಿದ್ದು ಇಷ್ಟು: "ಮೇಷ್ಟ್ರು ಎಲ್ಲಾ ಸರಿಯಿದೆ ಅಂದವ್ರಲ್ಲ."

ಅವನು ಸೀಟು ಬಿಟ್ಟ. ನಾನು ನನ್ನದನ್ನು ತೆಗೆದುಕೊಂಡೆ.

ಐದು ದಿನದ ಸಂದರ್ಶನದಲ್ಲಿ ಕೊನೆಗೆ ಉಳಿದ ಕೆಲವೇ ಹುಡುಗರಲ್ಲಿ ಅವನೊಬ್ಬ. ಅವನ ಫೋನು ಬಂದ ಮಧ್ಯಾಹ್ನ ಅವರಪ್ಪ ನಾಲ್ಕೂ ಮಗ್ಗ ನಿಲ್ಲಿಸಿದರು. ನಮ್ಮ ಬೀದಿಗೆ ಆ ನಿಶ್ಶಬ್ದ ಅಭ್ಯಾಸವಿಲ್ಲದೆ ಎಲ್ಲರೂ ಗಾಬರಿಯಾಗಿ ಹೊರಗೆ ಬಂದರು. ಅವರು ಬಾಗಿಲಲ್ಲಿ ನಿಂತು ದನಿಯೆತ್ತಿ ಹೇಳಿದರು: "ನನ್ ಮಗ ಆಫೀಸರ್ ಆಗ್ತವ್ನೆ!" ತುಟಿಯಲ್ಲಿ ಹೇಳಿದರೆ ಸಾಲದು ಎನ್ನಿಸಿರಬೇಕು.

ವೈದ್ಯಕೀಯ ಪರೀಕ್ಷೆ ಆಮೇಲೆ. ಅದರಲ್ಲಿ ಅವನನ್ನು ಕಿವಿಯ ಕಾರಣಕ್ಕೆ ಕೈಬಿಟ್ಟರು. ಮರುಪರೀಕ್ಷೆ ಕೇಳಿಕೊಂಡ, ಅಲ್ಲೂ ಅದೇ ಆಯಿತು. ವಾಪಸ್ ಬಂದ ದಿನ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಮನೆಯ ಕಡೆ ನಡೆದೆವು. ದಾರಿಯಲ್ಲಿ ಅವನು ನಕ್ಕ.

"ಡಾಕ್ಟ್ರು ಹಿಂದೆ ನಿಂತಿದ್ರು. ಮುಂದೆ ಬರೀ ಗೋಡೆ ಕಣೋ... ನೀನಿರ್ಲಿಲ್ಲ."

ಅದು ಆಪಾದನೆಯಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಮರುವರ್ಷ ಮತ್ತೆ ಸಿಇಟಿ ಬರಿ ಎಂದೆವು. "ನೋಡನ" ಎಂದ. ಅಷ್ಟರಲ್ಲಿ ಅವರಪ್ಪನಿಗೆ ಬಲಗೈ ಸೋತು, ಅವನು ಮಗ್ಗಕ್ಕೆ ನಿಂತ. ನಾನು ರಜೆಗೆ ಬಂದಾಗಲೆಲ್ಲ ಮಗ್ಗದ ಆಚೆಯಿಂದ ತುಟಿಯಲ್ಲೇ "ಏನ್ ಇಂಜಿನಿಯರ್ ಸಾಹೇಬ್ರು" ಎನ್ನುತ್ತಿದ್ದ.

ಕೊರೋನಾದ ಎರಡನೇ ಅಲೆಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಲ್ಲಿದ್ದ ನರ್ಸಮ್ಮ ಹೇಳಿದ್ದನ್ನು ಅವನ ತಂಗಿ ಆಮೇಲೆ ನಮ್ಮಮ್ಮನಿಗೆ ಹೇಳಿದಳು: "ಎಲ್ರೂ ಮಾಸ್ಕಲ್ಲಿ ಬಾಯಿ ಮುಚ್ಕೊಂಡಿದ್ರಲ್ಲ ಅತ್ತೆ. ಯಾರ್ ಏನ್ ಕೇಳಿದ್ರೂ ಹೂಂ ಅಂತಿದ್ನಂತೆ. ಉಸಿರು ಕಟ್ತಿದ್ಯಾ ಅಂದ್ರೂ ಹೂಂ, ಪರ್ವಾಗಿಲ್ವಾ ಅಂದ್ರೂ ಹೂಂ." ಆರನೆಯ ದಿನ ಅವನು ತೀರಿಕೊಂಡ. ಇಪ್ಪತ್ತೊಂದು ವರ್ಷ.

ಸೋಮವಾರ ಕಿವಿ ಪರೀಕ್ಷೆ ಮುಗಿದ ಮೇಲೆ ಅಮ್ಮ ಮೆಟ್ಟಿಲಿಳಿಯುತ್ತ, "ಆ ಹುಡ್ಗಿ ಯಾಕೆ ಬಾಯಿ ಮುಚ್ಕೊಂಡಿದ್ದು?" ಎಂದು ಕೇಳಿದಳು. ನಾನು ಅವಳಿಗೆ ಎದುರಾಗಿ ನಿಂತು, "ನಿಂಗೆ ಎಷ್ಟು ಕೇಳುತ್ತೆ ಅಂತ ನೋಡಕ್ಕೆ," ಎಂದೆ.

ಆ ಭಾನುವಾರ ಮೈದಾನದಲ್ಲಿ ನಾವು ನಾಲ್ವರಿದ್ದೆವು. ಅವನಿಲ್ಲ. ಡ್ರಿಲ್ ಮೇಷ್ಟ್ರು ಕಳೆದ ವರ್ಷ ಹೋದರು; ತಾವು ಪಿಸುಗುಟ್ಟಿದ್ದು ಅವನಿಗೆ ಕೇಳಿತ್ತು ಎಂದೇ ಕೊನೆಯವರೆಗೂ ನಂಬಿದ್ದರು. ಅವನ ತಂಗಿ ಇದ್ದಾಳೆ. ಮದುವೆಯಾಗಿ ಸಾಸಲಿನಲ್ಲಿದ್ದಾಳೆ. ಅವಳೂ ಮಗ್ಗದ ಮನೆಯಲ್ಲಿ ಬೆಳೆದವಳು. ಕಲ್ಲುಬೆಂಚಿನಿಂದ ನನ್ನ ತುಟಿ ಕಾಣುತ್ತಿತ್ತು. ಐದೂ ಪದಗಳನ್ನು ಅವಳು ಓದಿಕೊಂಡಿರುತ್ತಾಳೆ. ಒಂದು ದಿನವೂ ಅದರ ಬಗ್ಗೆ ನನ್ನನ್ನು ಕೇಳಿಲ್ಲ. ಬಸ್ ನಿಲ್ದಾಣದಲ್ಲಿ ಎದುರಾದರೆ "ಚೆನ್ನಾಗಿದೀಯಾ ಅಣ್ಣಾ" ಎನ್ನುತ್ತಾಳೆ. ಆಮೇಲೆ ನಾನು ಉತ್ತರ ಕೊಡುವವರೆಗೂ ನನ್ನ ಬಾಯಿಯನ್ನೇ ನೋಡುತ್ತ ನಿಂತಿರುತ್ತಾಳೆ.