ಉದ್ದನೆಯ ಲೆನ್ಸು ಮತ್ತು ನನ್ನ ಹೊಟ್ಟೆಕಿಚ್ಚು

ಬೆಳಿಗ್ಗೆ ಬೀರುವಿನ ಮೇಲಿದ್ದ ಕ್ಯಾಮೆರಾ ಚೀಲವನ್ನು ಇಳಿಸಿ ಜಿಪ್ ಎಳೆದರೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಲೆನ್ಸಿನ ಪಕ್ಕದಲ್ಲಿ, ಬ್ಯಾಟರಿ ಇಡುವ ಸಂದಿಯಲ್ಲಿ, ಎಲ್ಲಿ ನೋಡಿದರೂ ಬಿಳಿ ಗುಂಡುಗಳು. ನನ್ನ ಹೆಂಡತಿ ಲತಾಳ ಕೆಲಸ. ರೇಷ್ಮೆ ಸೀರೆಗಳ ನಡುವೆ ಹಾಕುವಾಗ ಇದಕ್ಕೂ ನಾಲ್ಕು ಹಾಕಿದ್ದಾಳೆ. ಏನಿದು ಎಂದು ಕೇಳಿದ್ದಕ್ಕೆ, "ಎರಡೂ ವರ್ಷಕ್ಕೊಂದು ಸಲ ಆಚೆ ಬರೋವೇ ಅಲ್ವಾ" ಎಂದು ಒಗ್ಗರಣೆಯ ಕಡೆ ತಿರುಗಿಕೊಂಡಳು. ಆ ಚೀಲ ಮುಚ್ಚಿ ವರ್ಷದ ಮೇಲಾಗಿತ್ತು. ಯಾಕೆ ಮುಚ್ಚಿದೆ ಎಂದು ಅವಳಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವು ಅವಳಿಗೆ ಹೇಳಲಾರಿರಿ ಎಂಬ ಧೈರ್ಯದಿಂದ. ಹೊಟ್ಟೆಕಿಚ್ಚಿಗೆ ಮುಚ್ಚಿದೆ.

ಇವತ್ತು ಬಿಚ್ಚಬೇಕಾಗಿ ಬಂದದ್ದು ಹತ್ತಿರದ ಹಳ್ಳಿ ಉಡಿಗಾಲದಿಂದ ಅಕ್ಕ ಫೋನು ಮಾಡಿದ್ದರಿಂದ. "ಹಿತ್ಲು ನುಗ್ಗೆ ಮರದಲ್ಲಿ ಚಿಟಾರೆ ಹಕ್ಕಿ ಎರಡು ಗೂಡು ಕಟ್ಟವೆ ಕಣ್ಲಾ. ಅತ್ರ ಓದ್ರೆ ಪುರ್ರಂತ ಎದ್ದೋಯ್ತವೆ. ನಿನ್ನ ಆ ಉದ್ದನೇ ಕ್ಯಾಮ್ರಾ ತಕ್ಕಂಡು ಬಾ" ಎಂದಳು. ಅಕ್ಕ ಕರೆದರೆ ನಾನು ಹೋಗುತ್ತೇನೆ. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ.

ಈ ಹುಚ್ಚು ನನಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿಗೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಭಕ್ತಿ. ಚಾಮರಾಜನಗರದ ಕಾಲೇಜೊಂದರಲ್ಲಿ ಗುಮಾಸ್ತನಾಗಿರುವ ನನಗೆ ಫೋಟೋಗ್ರಫಿ ಬಂತು. ಕ್ಯಾಮೆರಾ ಕೊಳ್ಳುವ ಮೊದಲು ಕ್ಯಾಮೆರಾ ಬಗ್ಗೆ ವಿಡಿಯೋ ನೋಡುವುದೇ ಒಂದು ಹವ್ಯಾಸ ಎಂದು ಆಗ ತಿಳಿಯಿತು. ಸೆನ್ಸರು ದೊಡ್ಡದೋ ಚಿಕ್ಕದೋ, ಒಳಗೆ ಕನ್ನಡಿ ಇರುವುದೋ ಇಲ್ಲದ್ದೋ ಎಂದು ಊಟದ ತಟ್ಟೆಯ ಮುಂದೆ ಫೋನು ಒರಗಿಸಿಟ್ಟುಕೊಂಡು ನೋಡಿದ್ದೇ ನೋಡಿದ್ದು. ಒಂದು ಫೋಟೋ ತೆಗೆಯದೆಯೇ ಇನ್ನೊಬ್ಬರ ಫೋಟೋದಲ್ಲಿ ತಪ್ಪು ಹುಡುಕುವ ಮಟ್ಟಕ್ಕೆ ಬೆಳೆದೆ.

ನಮ್ಮ ಜಿಲ್ಲೆಯಲ್ಲಿ ಕ್ಯಾಮೆರಾ ಕೊಳ್ಳುವವನಿಗೆ ಒಂದು ತೊಂದರೆ ಇದೆ. ಬೇರೆ ಊರಿನಲ್ಲಿ ಕ್ಯಾಮೆರಾ ಎಂದರೆ ಮದುವೆಯೋ ಮಕ್ಕಳೋ ನೆನಪಾಗಬಹುದು. ಇಲ್ಲಿ ಹುಲಿಯೊಂದೇ. "ಕಾಡು ಪಕ್ಕದಲ್ಲೇ ಮಡೀಕಂಡು ಉಲಿ ತೆಗೀದೆ ಇದ್ರೆ ಆದಾದಾ?" ಎಂದು ಕಾಲೇಜಿನ ಜವಾನನಿಂದ ಹಿಡಿದು ಬೇಕರಿಯವನವರೆಗೆ ಎಲ್ಲರೂ ಕೇಳಿದರು. ನನಗೂ ಅದು ಸರಿಯೆನಿಸಿತು. ಮೈಸೂರಿನ ಅಂಗಡಿಯವರು, "ಸಾರ್, ಶುರುವಿಗೆ ಈ ಚಿಕ್ಕ ಲೆನ್ಸು ಇಟ್ಕೊಳ್ಳಿ, ಮನೆ ಮಂದಿಗೆಲ್ಲ ಆಗುತ್ತೆ" ಎಂದು ಅಂಗೈಯಗಲದ ಒಂದನ್ನು ತೋರಿಸಿದರು. ನಾನು ಅದರ ಕಡೆ ತಿರುಗಿಯೂ ನೋಡದೆ, ದೂರದ್ದನ್ನು ಹತ್ತಿರಕ್ಕೆ ಎಳೆಯುವ ಆರುನೂರು ಮಿಲಿಮೀಟರಿನ, ಒನಕೆಯಂಥ ಲೆನ್ಸನ್ನು ಹೊತ್ತುಕೊಂಡು ಬಸ್ಸು ಹತ್ತಿದೆ. ಅದೊಂದೇ ಲೆನ್ಸು. ಬೀದಿನಾಯಿ ಕಂಡರೆ ಎದುರು ಪಕ್ಕಕ್ಕೆ ದಾಟುವ ಮನುಷ್ಯ ನಾನು ಎಂಬುದನ್ನು ಆ ಗಳಿಗೆಯಲ್ಲಿ ಯಾರೂ ನೆನಪಿಸಲಿಲ್ಲ.

ಬಂಡೀಪುರದ ಪ್ರಾಣಿಗಳೆಲ್ಲ ನನಗೆ ಬೆನ್ನಿನ ಕಡೆಯಿಂದಲೇ ಪರಿಚಯ. ಕಡವೆಯ ಬೆನ್ನು, ಆನೆಯ ಬೆನ್ನು, ಕಾಟಿಯ ಬೆನ್ನು. ಹುಲಿ ಯಾವಾಗಲೂ ನಮ್ಮ ಹಿಂದಿನ ಟ್ರಿಪ್ಪಿನವರಿಗೆ ಕಾಣಿಸಿ ಹೋಗಿರುತ್ತಿತ್ತು. ಒಮ್ಮೆ ಕಾಡಿನ ಮದ್ದೂರು ವಲಯದ ರಸ್ತೆಯಲ್ಲಿ ಜೀಪು ಓಡಿಸುತ್ತಿದ್ದವನು ನನ್ನ ಲೆನ್ಸನ್ನು ಮೇಲಿಂದ ಕೆಳಗೆ ನೋಡಿ, "ನೀವು ಬಂದ್ರೆ ಉಲಿ ಬರಕಿಲ್ಲ ಬುಡಿ ಸಾರ್. ಇದ ಕೋವಿ ಅನ್ಕತದೆ" ಎಂದ. ಇದೆಲ್ಲ ನನಗೆ ಬೇಸರ ತರಲಿಲ್ಲ. ಹುಲಿ ಸಿಗದವರು ಊರಲ್ಲಿ ಬಹಳ ಮಂದಿ ಇದ್ದರು. ನನ್ನ ಬೇಸರ ಶುರುವಾದದ್ದು ಸ್ವಾಮಿ ಕ್ಯಾಮೆರಾ ತೆಗೆದುಕೊಂಡ ಮೇಲೆ.

ಸ್ವಾಮಿ ಎಂದರೆ ಮಹದೇವಸ್ವಾಮಿ, ಅಕ್ಕನ ಗಂಡನ ತಮ್ಮ. ಅವನನ್ನು ಹೇಳಬೇಕಾದರೆ ಅಕ್ಕನನ್ನು ಮೊದಲು ಹೇಳಬೇಕು. ಅಮ್ಮ ತೀರಿಕೊಂಡಾಗ ನಾನು ಇನ್ನೂ ಚಡ್ಡಿಯಲ್ಲಿದ್ದೆ. ಉಡಿಗಾಲಕ್ಕೆ ಸೊಸೆಯಾಗಿ ಹೋಗಿದ್ದ ಅಕ್ಕ ನನ್ನನ್ನು ತನ್ನ ಜೊತೆಗೇ ಕರೆದುಕೊಂಡು ಹೋದಳು. ಆ ಮನೆಯಲ್ಲಿ ನನ್ನದೇ ವಯಸ್ಸಿನ ಸ್ವಾಮಿ ಇದ್ದ. ಅಕ್ಕನ ಅತ್ತೆ ಕಾಯಿಲೆಯವರಾದ್ದರಿಂದ ಅವನಿಗೂ ಅಕ್ಕನೇ ತಲೆ ಬಾಚಬೇಕು, ಅಕ್ಕನೇ ಅನ್ನ ಹಾಕಬೇಕು. ಅವನು ಆ ಮನೆಯ ಮಗ, ಹಕ್ಕಿನಿಂದ ಕೂತು ಉಣ್ಣುತ್ತಿದ್ದ. ನಾನೋ, ಹೊರಗಿನಿಂದ ತಂದಿಟ್ಟುಕೊಂಡ ಹುಡುಗ. ಆದರೆ ಅಕ್ಕ ನನ್ನವಳು, ಅವನಿಗೆ ಬರೀ ಅತ್ತಿಗೆ ಎಂದು ಒಳಗೊಳಗೇ ಹೇಳಿಕೊಂಡು ಬೆಳೆದೆ. ನನ್ನ ಬಳಿ ಇದ್ದ ಆಸ್ತಿ ಅದೊಂದೇ. ಅವನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದುದು ನನಗೆ ಇವತ್ತಿಗೂ ಹಿಡಿಸಿಲ್ಲ.

ಈಗ ಸ್ವಾಮಿ ಗುಂಡ್ಲುಪೇಟೆಯಲ್ಲಿ ಬಿತ್ತನೆಬೀಜದ ಅಂಗಡಿ ಇಟ್ಟಿದ್ದಾನೆ. ನನ್ನ ಕ್ಯಾಮೆರಾ ನೋಡಿದ ಕೆಲವೇ ತಿಂಗಳಲ್ಲಿ ಯಾರೋ ಬಳಸಿ ಬಿಟ್ಟಿದ್ದ ಒಂದು ಕ್ಯಾಮೆರಾ ತಂದ. ಅದಕ್ಕೆ ಇದ್ದದ್ದು ಒಂದು ಪುಟಾಣಿ ಲೆನ್ಸು, ಜೂಮು ಕೂಡ ಇಲ್ಲ. "ಇದ್ರಲ್ಲಿ ಇರುವೆ ತೆಗೀಬೌದು ಕಣ್ಲಾ" ಎಂದು ಅವನ ಮುಂದೆಯೇ ನಕ್ಕೆ. ಅವನೂ ನಕ್ಕ. "ದೊಡ್ಡದು ಬೇಕಾದ್ರೆ ನಾನೇ ಅತ್ರುಕ್ಕೆ ಓಯ್ತೀನಿ ಬುಡು" ಎಂದ.

ಹಾಗೇ ಹೋದ. ಗುಂಡ್ಲುಪೇಟೆಯ ಸುತ್ತ ಚೆಂಡುಹೂವಿನ ಹೊಲಗಳಿವೆಯಲ್ಲ, ಓಣಂ ಹತ್ತಿರ ಬಂದಾಗ ಕೇರಳದ ಲಾರಿಗಳು ಸಾಲಾಗಿ ನಿಲ್ಲುತ್ತವಲ್ಲ, ಅಲ್ಲಿ ಹೂ ಬಿಡಿಸುವ ಹೆಂಗಸರ ಮಧ್ಯೆ ಕೂತು ಅವರ ಜೊತೆ ಎಲೆಅಡಿಕೆ ಹಾಕಿಕೊಂಡು ಫೋಟೋ ತೆಗೆದ. ಆ ಹೆಂಗಸರೆಲ್ಲ ಅವನ ಚಿತ್ರಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕೂತವರಂತೆ ಕಾಣುತ್ತಿದ್ದರು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನಿಗೆ ಹೂಗುಚ್ಛ, ಚಪ್ಪಾಳೆ. ಅದೇ ಬೆಳಿಗ್ಗೆ ನಾನು ಹಾಕಿದ್ದ ಆನೆಯ ಬೆನ್ನಿಗೆ ಲತಾ ಒಬ್ಬಳೇ ಹೆಬ್ಬೆರಳು ತೋರಿಸಿದ್ದಳು, ಅದೂ ನಾನು ಹೇಳಿದ ಮೇಲೆ. ಅಕ್ಕ ಸ್ವಾಮಿಗೆ ಕೆಂಪು ಹೃದಯ ಕಳಿಸಿದಳು. ಅದನ್ನು ಒತ್ತುವುದು ಅವಳಿಗೆ ಯಾರು ಹೇಳಿಕೊಟ್ಟರೋ. ನಾನು ಆ ಹೃದಯವನ್ನು ಬಹಳ ಹೊತ್ತು ನೋಡಿದೆ.

ಆಮೇಲೆ ಅಕ್ಕನ ಮೊಮ್ಮಗಳ ನಾಮಕರಣ ಬಂತು. ಇಬ್ಬರೂ ಕ್ಯಾಮೆರಾ ಹೊತ್ತು ಉಡಿಗಾಲಕ್ಕೆ ಹೋದೆವು. ನನ್ನ ಲೆನ್ಸಿನ ಗುಣ ನಿಮಗೆ ಹೇಳಲಿಲ್ಲ. ಅದಕ್ಕೆ ಹತ್ತಿರದವರು ಆಗಿಬರುವುದಿಲ್ಲ. ನಡುಮನೆಯಲ್ಲಿ ನಿಂತು ತೊಟ್ಟಿಲ ಕಡೆ ಹಿಡಿದರೆ ಬರೀ ಮಂಜು. ಹಿಂದೆ ಸರಿದೆ. ಪಡಸಾಲೆಗೆ ಬಂದರೆ ಮಗುವಿನ ಒಂದು ಕಿವಿ ಮಾತ್ರ ತುಂಬಿಕೊಂಡಿತು. ಜಗಲಿ ಇಳಿದೆ, ಅಂಗಳ ದಾಟಿದೆ, ಕೊನೆಗೆ ರಸ್ತೆಯ ಆಚೆ, ಎದುರು ಮನೆಯ ಹುಲ್ಲುಮೆದೆಯ ಪಕ್ಕದಲ್ಲಿ ಹೋಗಿ ನಿಂತಾಗ ಒಬ್ಬ ಮನುಷ್ಯ ಪೂರ್ತಿಯಾಗಿ ಕಾಣಿಸಿದ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಇದ್ಯಾಕಪ್ಪ ಇಲ್ ನಿಂತಿದ್ದೀಯೆ, ನೆಂಟರ ಮನೇಲಿ ಏನಾರಾ ಮಾತು ಬಂತಾ?" ಎಂದು ಕೇಳಿದರು. ಇಲ್ಲ, ಫೋಟೋ ತೆಗೀತಿದ್ದೀನಿ ಎಂದೆ. ಅವರು ನನ್ನನ್ನೂ ಅಷ್ಟು ದೂರದ ಮನೆಯನ್ನೂ ಒಮ್ಮೆ ನೋಡಿ, ನಂಬದೆ ಹೋದರು.

ಅಕ್ಕ ಮಗುವನ್ನೆತ್ತಿಕೊಂಡು ಜಗಲಿಗೆ ಬಂದು ಕೂತಳು. ಸ್ವಾಮಿ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಏನೋ ಮಾತಾಡುತ್ತಿದ್ದರು. ನನಗೆ ಕೇಳಿಸಲಿಲ್ಲ. ನಾನು ಪಟಪಟನೆ ಒತ್ತುತ್ತಲೇ ಇದ್ದೆ.

ಅವನ ಫೋಟೋ ಅವತ್ತು ಸಂಜೆಯೇ ಗುಂಪಿಗೆ ಬಂತು. ಅಕ್ಕ ನಗುತ್ತಿದ್ದಾಳೆ. ಮುಂದಿನ ಹಲ್ಲು ಹೋದಾಗಿನಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ ನಗದವಳು, ಕ್ಯಾಮೆರಾ ಕಂಡರೆ ಧ್ವಜವಂದನೆಗೆ ನಿಂತಂತೆ ಸೆಟೆದುಕೊಳ್ಳುವವಳು, ಅಲ್ಲಿ ಹಲ್ಲಿನ ಸಂದಿ ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾಳೆ. ಆ ಕಣ್ಣುಗಳಲ್ಲಿ ಇದ್ದ ಅಕ್ಕರೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದೆ. ಫೋಟೋ ಚೆನ್ನಾಗಿದೆ ಎಂದು ನನಗೆ ಹೊಟ್ಟೆ ಉರಿಯಲಿಲ್ಲ. ಅಕ್ಕ ಸ್ವಾಮಿಯನ್ನು ಹೀಗೆ ನೋಡುತ್ತಾಳೆ ಎಂದು ಉರಿಯಿತು. ನನ್ನನ್ನು ಎಂದಾದರೂ ಹೀಗೆ ನೋಡಿದ್ದಾಳೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಸಿಗಲಿಲ್ಲ. ನಾನು ತೆಗೆದದ್ದನ್ನು ತಿರುಗಿಸಿ ನೋಡುವ ಮನಸ್ಸೂ ಬರಲಿಲ್ಲ. ಚೀಲಕ್ಕೆ ಹಾಕಿ ಜಿಪ್ ಎಳೆದೆ. ಸ್ವಾಮಿ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ಅಕ್ಕನ ನಡುಮನೆಯಲ್ಲಿ ತೂಗುಹಾಕಿದ. ಅಲ್ಲಿಂದಾಚೆಗೆ ಆ ಮನೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುವುದನ್ನು ಅಭ್ಯಾಸ ಮಾಡಿಕೊಂಡೆ.

ಇವತ್ತು ಮಧ್ಯಾಹ್ನ ಹಕ್ಕಿಯ ಕೆಲಸ ಸುಲಭವಾಗಿ ಮುಗಿಯಿತು. ಅಕ್ಕ ಚಿಟಾರೆ ಎಂದದ್ದು ಹೆಬ್ಬೆರಳಿನಷ್ಟು ಗಾತ್ರದ ಸೂರಕ್ಕಿಗಳನ್ನು. ದನದ ಕೊಟ್ಟಿಗೆಯ ಪಕ್ಕ ನಿಂತು ಹಿಡಿದರೆ, ಹೆಣ್ಣು ಗೂಡಿನಿಂದ ತಲೆ ಹೊರಹಾಕಿದ್ದು ಕಣ್ರೆಪ್ಪೆ ಸಮೇತ ಬಂತು. ನನ್ನ ಲೆನ್ಸಿನ ಜನ್ಮದಲ್ಲಿ ಮೊದಲ ಬಾರಿಗೆ ಒಂದು ಜೀವ ಎದುರಿನಿಂದ ಸಿಕ್ಕಿತ್ತು. ಅಕ್ಕನಿಗೆ ತೋರಿಸಿದೆ. "ನೋಡ್ದಾ, ಇದು ಸ್ವಾಮಿದ್ರಲ್ಲಿ ಆಯ್ತಿತ್ತಾ?" ಎಂದಳು. ಅವಳು ಕರೆದದ್ದು ಹಕ್ಕಿಗೋಸ್ಕರ ಅಲ್ಲ, ನನ್ನ ಚೀಲ ಬಿಚ್ಚಿಸುವುದಕ್ಕೆ ಎಂದು ಆಗ ಹೊಳೆಯಿತು. ಹೊಳೆದದ್ದರಿಂದಲೇ ಇರಬೇಕು, ಕಾಫಿ ಕುಡಿಯುತ್ತಾ ಬಾಯಿ ಜಾರಿತು.

"ಅವತ್ತು ಸ್ವಾಮಿ ಏನಂದ, ಅಷ್ಟೊಂದು ನಗೋ ಅಂಥದ್ದು?"

"ಯಾವತ್ತು?"

ಹಿಂದೆ ತಿರುಗದೆಯೇ ಹೆಬ್ಬೆರಳಿನಲ್ಲಿ ಗೋಡೆ ತೋರಿಸಿದೆ.

"ಅದಾ? ಅವ್ನೇನಂದ. ಏನೂ ಅನ್ಲಿಲ್ಲ. ನಿನ್ ನೋಡ್ಕಂಡು ನಗ್ತಿದ್ದೆ ಕಣಪ್ಪ." ಅಕ್ಕ ಲೋಟ ಕೆಳಗಿಟ್ಟಳು. "ಸಣ್ಣೋನಾಗಿದ್ದಾಗ ಸ್ವಾಮಿಗೆ ಮೊದ್ಲು ಬಡಿಸ್ಬುಟ್ರೆ ತಟ್ಟೆ ಬುಟ್ಟು ಎದ್ದೋಗಿ ಆ ಮೆದೆ ತಾವು ನಿಂತ್ಕತಿದ್ದೆ, ಗ್ಯಾನ ಅದಾ? ಮೊಖ ಊದಿಸ್ಕಂಡು ಈ ಕಡಿಕೇ ನೋಡ್ತಾ, ನಾ ಬಂದು ಕರಿಯೋಗಂಟ. ಅವತ್ತು ಮೊಗೀನ ಎತ್ಕಂಡು ಕೂತ್ಕಂಡು ನೋಡ್ತೀನಿ, ಅದೇ ಜಾಗ. ನೀ ಕ್ಯಾಮ್ರಾ ವಸಿ ಇಳಿಸ್ದೆ, ಅದೇ ಮೊಖ. ಮೀಸೆ ನರೆತಿತ್ತು ಅಷ್ಟೇಯ. ಇವ್ನು ಇನ್ನೂ ಅಂಗೇ ಅವ್ನಲ್ಲಾ ಅಂತ ನಗು ತಡೆಯಕ್ಕಾಗ್ಲಿಲ್ಲ."

ಎದ್ದು ಗೋಡೆಯ ಹತ್ತಿರ ಹೋದೆ. ಅಕ್ಕನ ಕಣ್ಣುಗಳು ಕ್ಯಾಮೆರಾ ಹಿಡಿದಿದ್ದ ಸ್ವಾಮಿಯ ಕಡೆ ಇರಲಿಲ್ಲ. ಅವನ ತಲೆಯ ಮೇಲಿಂದ, ರಸ್ತೆಯ ಕಡೆ ಇದ್ದವು. ಅಷ್ಟು ದೊಡ್ಡದು ಮಾಡಿ ನೋಡಿದ್ದ ನನಗೆ ಅದು ಕಂಡಿರಲಿಲ್ಲ.

ಹಾಗಾದರೆ ಆ ನಗು ನಾನು ತೆಗೆದದ್ದರಲ್ಲೂ ಇರಬೇಕಲ್ಲ, ನೇರವಾಗಿ, ಇದಕ್ಕಿಂತ ಚೆನ್ನಾಗಿ. ಕ್ಯಾಮೆರಾ ತೆಗೆದು ಹಕ್ಕಿಗಳನ್ನು ದಾಟಿಸಿ ಹಿಂದೆ ಹೋದೆ. ನಾಮಕರಣದ ದಿನದ್ದೆಲ್ಲ ಹಾಗೇ ಇತ್ತು. ಸ್ವಾಮಿಯ ಕತ್ತು. ಸ್ವಾಮಿಯ ಕಿವಿ. ಸ್ವಾಮಿ ಲೆನ್ಸು ತಿರುಗಿಸುತ್ತಿರುವ ಬೆರಳುಗಳು. ಒಂದರಲ್ಲಿ ಅವನ ಭುಜದಾಚೆ ಅಕ್ಕನ ಹಸಿರು ಸೀರೆಯ ಒಂದು ಚೂರು. ಅವಳು ನನ್ನನ್ನು ನೋಡುತ್ತಿದ್ದಷ್ಟು ಹೊತ್ತೂ ನಾನು ಅವನನ್ನು ನೋಡುತ್ತಿದ್ದೆ.

ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು. "ಎಲ್ಲಾ ಸ್ವಾಮಿನೇ ಅಲ್ಲುವ್ಲಾ? ನಾನೆಲ್ಲಿ?" ಎಂದಳು. ಅವಳು ಒಂದರ ಮೇಲೆ ಬೆರಳಿಟ್ಟಳು. ಸ್ವಾಮಿ ಅರ್ಧ ತಿರುಗಿದ್ದಾನೆ, ತಾನು ತೆಗೆದದ್ದನ್ನು ನೋಡಿಕೊಂಡು ತನ್ನಷ್ಟಕ್ಕೆ ಖುಷಿಪಡುತ್ತಿದ್ದಾನೆ. "ಇದ ಅವುನ್ಗೆ ಕಳ್ಸು. ಊರೋರ್ನೆಲ್ಲ ತೆಗೀತನೆ, ಅವುಂದು ಅಂತ ಒಂದೂ ಇಲ್ಲ."

ಆ ಸಾಲಿನಲ್ಲೇ ಇನ್ನೊಂದು ಇತ್ತು, ಸ್ವಲ್ಪ ಮಸುಕಾದದ್ದು. ಕೈ ಮೊದಲು ಅದರ ಕಡೆಗೇ ಹೋಯಿತು. ಸುಳ್ಳು ಹೇಳಿ ಏನಾಗಬೇಕು. ಆದರೂ ಚೆನ್ನಾಗಿದ್ದುದನ್ನೇ ಫೋನಿಗೆ ಇಳಿಸಿಕೊಂಡು ಕಳಿಸಿದೆ. ತಕ್ಷಣವೇ ಉತ್ತರ ಬಂತು. "ಇದ್ಯಾವಾಗ ತೆಗ್ದೆ? ನಾನು ಇಂಗಿದ್ದೀನಾ?" ಹಿಂದೆಯೇ ಇನ್ನೊಂದು ಬರುತ್ತಿತ್ತು, ಟೈಪು ಮಾಡುತ್ತಲೇ ಇದ್ದ. ಅವನನ್ನೇ ನೋಡಿದ್ದು ಸಾಕೆಂದು ನಾನು ಫೋನನ್ನು ಕವುಚಿ ಹಾಕಿ ಅಕ್ಕನ ಕಡೆ ತಿರುಗಿದೆ.